ಸಕ್ಕರೆ ಬಿಟ್ಟ ಮೇಲೆ

ಫೆಬ್ರವರಿ 11, ಬೆಳಿಗ್ಗೆ 5.40

ಸಕ್ಕರೆ ಇಲ್ಲದ ಟೀ. ನಾಲ್ಕು ತಿಂಗಳಾಯಿತು, ನಾಲಿಗೆ ಇನ್ನೂ ಒಪ್ಪಿಲ್ಲ. ತಂಗಿ ಹೊಲಿಗೆ ಮಿಷನ್ ಮುಂದೆ ಕೂತು ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು.

“ಔಷಧಿ ಕುಡಿಯೋ ಹಾಗೆ ಮುಖ ಮಾಡ್ಕೊಂಡು ಯಾಕಕ್ಕ ಕುಡೀತೀಯ? ಟೀನೂ ಬಿಟ್ಬಿಡು. ಇನ್ನೊಂದು ಮಗು ಸಾಕ್ಬಹುದು.”

“ನಿನ್ನನ್ನ ಸಾಕ್ತಿರೋದು ಸಾಲದಾ?” ಅಂದೆ. ಬಾಯಿ ಮುಚ್ಚಿಕೊಂಡಳು. ಅರ್ಧ ನಿಮಿಷ.

ಬಿಟ್ಟದ್ದು — ಸಕ್ಕರೆ. ತಲೆಗೆ ಹಚ್ಚುವ ಬಣ್ಣ. ಹುಬ್ಬು ತೀಡಿಸುವುದು. ಶನಿವಾರದ ಸಿನಿಮಾ. ಡ್ಯೂಟಿ ಮುಗಿಸಿ ಬರುವಾಗ ತಿನ್ನುತ್ತಿದ್ದ ಕ್ರೀಮ್ ಬನ್. ಉಳಿದದ್ದೆಲ್ಲ ಹೋಗಲಿ, ಬನ್ ಬಿಟ್ಟದ್ದೇ ಹೊಟ್ಟೆ ಉರಿಸುತ್ತದೆ. ಬೇಕರಿ ಹತ್ತಿರ ಬಂದಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ, ಹಳೇ ಗಂಡನನ್ನು ಕಂಡವಳ ಹಾಗೆ.

ಎಲ್ಲ ಬೊಚ್ಚಿಗೋಸ್ಕರ. ಬೊಚ್ಚಿ ನಾನಿಟ್ಟ ಹೆಸರು. ತಿಂಗಳಿಗಿಷ್ಟು ಅಂತ ಕಳಿಸಿದರೆ ಹಾಸ್ಟೆಲಿನಲ್ಲಿಟ್ಟು ಮಗುವನ್ನು ಓದಿಸುವ ಸಂಸ್ಥೆ, ಅವರು ಮಗುವಿನ ಹೆಸರು ಹೇಳುವುದಿಲ್ಲ, ನಂಬರ್ ಕೊಡುತ್ತಾರೆ. ನಮ್ಮ ಜೈಲಿನಲ್ಲೂ ಹಾಗೇ, ಆದ್ದರಿಂದ ವಿಚಿತ್ರ ಅನ್ನಿಸಲಿಲ್ಲ. ಅಕ್ಟೋಬರಿನಲ್ಲಿ ಆ ಸಂಸ್ಥೆಯ ಹೆಂಗಸು ಫಾರಂ, ಫೋಟೋ ಹಿಡಿದು ನಮ್ಮ ಸ್ಟಾಫ್ ಮೀಟಿಂಗಿಗೆ ಬಂದಿದ್ದಳು. ಉಳಿದ ವಾರ್ಡರುಗಳೆಲ್ಲ ಒಬ್ಬೊಬ್ಬರಾಗಿ ಬಾತ್‌ರೂಮಿಗೆ ಜಾರಿಕೊಂಡರು. ನಾನು ಮುಂದಿನ ಸಾಲಿನಲ್ಲಿ ಸಿಕ್ಕಿಬಿದ್ದೆ. ಒಂದು ಫೋಟೋ ತೆಗೆದೆ. ಏಳು ವರ್ಷದ ಹುಡುಗಿ, ಮುಂದಿನ ಹಲ್ಲು ನಾಲ್ಕೂ ಇಲ್ಲ, ಆದರೂ ಬಾಯಿ ಇಷ್ಟಗಲ ತೆರೆದು ನಗು. ನನಗೂ ನಗು ಬಂತು. ಸಹಿ ಹಾಕಿದೆ.

ಮಕ್ಕಳಾಗಲಿಲ್ಲ ಅಂತ ಹಾಗೆ ಮಾಡಿದೆ ಎಂದು ತಂಗಿ ಹೇಳುತ್ತಾಳೆ. ಇರಬಹುದು. ಏನೀಗ?

ಫೆಬ್ರವರಿ 14, ಸಂಜೆ

ಬಲಗೈ ಊದಿಕೊಂಡಿದೆ. ಪೆನ್ನು ಹಿಡಿಯುವುದೂ ಕಷ್ಟ.

ಇವತ್ತು ವ್ಯಾನಿನಲ್ಲಿ ಆರು ಜನ ಬಂದರು, ಬೇರೆ ಜೈಲಿನಿಂದ ವರ್ಗವಾದವರು. ಗೇಟಿನಲ್ಲಿ ಸ್ವಾಗತ ನನ್ನದೇ. ಹತ್ತೊಂಬತ್ತು ವರ್ಷದಿಂದ ನನ್ನದೇ. ಸ್ವಾಗತ ಅಂದರೆ ಒಂದು ಏಟು. ವ್ಯಾನಿನಿಂದ ಇಳಿದು ಕಣ್ಣಿಗೆ ಬೆಳಕು ಹೊಂದುವ ಮೊದಲೇ, ಎಡ ಕಿವಿಯ ಮೇಲೆ, ಅಂಗೈ ಪೂರ್ತಿ. ಉಂಗುರ ತೆಗೆದಿಟ್ಟು ಹೊಡೆಯಬೇಕು, ಗುರುತು ಉಳಿಯಬಾರದು. ನನಗೆ ಕೆಲಸ ಕಲಿಸಿದ ಹಿರಿಯಳು ಹೇಳುತ್ತಿದ್ದಳು, ಮೊದಲ ದಿನ ಒಂದು ಬಿದ್ದರೆ ಆಮೇಲೆ ನೂರು ಉಳಿಯುತ್ತೆ ಅಂತ. ನಾನೂ ನಂಬಿಕೊಂಡೇ ಬಂದಿದ್ದೇನೆ.

ಐದು ಜನ ಹೊಡೆಸಿಕೊಂಡು ತಲೆ ತಗ್ಗಿಸಿದರು. ಆರನೆಯವಳು ಸಣಕಲು, ಮೂವತ್ತು ದಾಟಿಲ್ಲ. ಹೊಡೆಸಿಕೊಂಡಳು, ತಲೆ ತಗ್ಗಿಸಲಿಲ್ಲ. ತಪಾಸಣೆಯಲ್ಲಿ ರವಿಕೆಯೊಳಗಿಂದ ಮಡಿಸಿದ ಒಂದು ಕಾಗದ ಸಿಕ್ಕಿತು. ಹೊರಗಿನ ಕಾಗದ ಒಳಗೆ ಹೋಗುವಂತಿಲ್ಲ. ಬಿಡಿಸಿಯೂ ನೋಡದೆ ಹರಿದು ಬುಟ್ಟಿಗೆ ಹಾಕಿದೆ.

ಹಾರಿಬಿದ್ದಳು! ನನ್ನ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿ ಕಚ್ಚಿ ಹಿಡಿದಳು. ನಾಯಿಯಾದರೂ ಬಿಡುತ್ತಿತ್ತು. ಕೂದಲು ಹಿಡಿದು ಎಳೆದರೆ ಇಲ್ಲ, ಹೊಟ್ಟೆಗೆ ಒದ್ದರೆ ಇಲ್ಲ. ಕಡೆಗೆ ಎಡಗೈಯಿಂದ ಮೂಗು ಮುಚ್ಚಿದೆ, ಉಸಿರಿಗೆ ಬಾಯಿ ತೆರೆದಳು. ತೆರೆದ ತಕ್ಷಣ ಅದೇ ಕಿವಿಗೆ ಮತ್ತೆ ಮೂರು ಬಿಗಿದೆ. ಮೂರನೆಯದಕ್ಕೆ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಅವಳ ಬಾಯಲ್ಲಿದ್ದದ್ದು ನನ್ನ ರಕ್ತ. ಇಬ್ಬರದೂ ಒಂದೇ ಬಣ್ಣ ನೋಡು ಅಂತ ಜೊತೆಯ ವಾರ್ಡರ್ ನಕ್ಕಳು, ಕತ್ತೆ.

ರಿಜಿಸ್ಟರಿನಲ್ಲಿ “ಒಳಬರುವಾಗ ಗಲಾಟೆ” ಅಂತ ಬರೆಸಿದೆ. ಕಚ್ಚಿದ್ದಕ್ಕೆ ನನಗೊಂದು ಇಂಜೆಕ್ಷನ್ ಆಯಿತು. ಅವಳಿಗೆ ಕಚ್ಚೋಳು ಅಂತ ಹೆಸರು ಬಿತ್ತು.

ಫೆಬ್ರವರಿ 15

ಬೊಚ್ಚಿಯ ಕಾಗದ ಬಂತು. ಕೈನೋವೆಲ್ಲ ಮರೆತುಹೋಯಿತು.

ಹೋದ ತಿಂಗಳು ಅವಳಿಗೆ ಕೆಂಪು ಬೂಟು ಕಳಿಸಿದ್ದೆ, ಜೊತೆಗೆ ಸಕ್ಕರೆ ಬಿಟ್ಟ ಕಥೆ ಬರೆದ ಒಂದು ಕಾಗದ. ಅಲ್ಲಿಂದೀಚೆಗೆ ಅವಳು ಯಾವ ಚಿತ್ರ ಬರೆದರೂ ಅದಕ್ಕೆ ಬೂಟು. ಬಕೆಟ್ಟಿಗೆ ಬೂಟು. ಸೂರ್ಯನಿಗೂ ಎರಡು ಕಾಲು ಬರೆದು ಬೂಟು ತೊಡಿಸಿದ್ದಾಳೆ. “ಆಂಟಿ, ಮಲಗೋವಾಗ ಬಿಚ್ಚು ಅಂತ ಮಿಸ್ ಬೈತಾರೆ. ನಾನು ಬಿಚ್ಚಲ್ಲ. ನನ್ನ ಅಮ್ಮ ದೂರದ ಊರಲ್ಲಿ ಕೆಲಸಕ್ಕೆ ಹೋಗಿದ್ದಾಳೆ. ಬಂದಾಗ ಬೂಟು ನೋಡಬೇಕಲ್ಲ.”

ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದೆ. ಈಗ ಏಳು ಚಿತ್ರವಾಯಿತು. ತಂಗಿ ಸೂರ್ಯನನ್ನೇ ನೋಡುತ್ತ ನಿಂತು, “ಪರವಾಗಿಲ್ಲ ಕಣೇ ನಿನ್ನ ಮಗಳು, ಒಳ್ಳೇ ಚಪ್ಪಲಿ ಅಂಗಡಿ ಇಡ್ತಾಳೆ” ಅಂದಳು. ನಿನ್ನ ಮಗಳು ಅಂದಿದ್ದು ಕಿವಿಗೆ ಹಿತವಾಯಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಇವತ್ತಿನಿಂದ ಬಸ್ಸೂ ಬಿಟ್ಟೆ. ನಡೆದರೆ ನಲವತ್ತು ನಿಮಿಷ. ಬೊಚ್ಚಿಗೆ ಸ್ವೆಟರ್ ಬೇಕಂತೆ.

ಫೆಬ್ರವರಿ 22

ಎಡಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್. ಬರೆಯುವ ಕೈ ಉಳಿದದ್ದೇ ಪುಣ್ಯ.

ಬೆಳಿಗ್ಗೆಯ ಎಣಿಕೆ. ಕಚ್ಚೋಳ ನಂಬರ್ ಕೂಗಿದೆ. ಬೆನ್ನು ಹಾಕಿ ನಿಂತಿದ್ದಾಳೆ, ತಿರುಗಲಿಲ್ಲ. ಮತ್ತೆ ಕೂಗಿದೆ. ಇಲ್ಲ. ಎಂಟು ದಿನದಿಂದ ಇದೇ ಆಟ, ಬೇಕಾದಾಗ ಕೇಳುತ್ತೆ, ಬೇಡದಾಗ ಇಲ್ಲ. ಇಡೀ ಅಂಗಳ ನನ್ನನ್ನೇ ನೋಡುತ್ತಿತ್ತು. ಹಿಂದಿನಿಂದ ಹೋಗಿ ಲಾಠಿಯಿಂದ ಮೊಣಕಾಲ ಹಿಂದೆ ಒಂದು ಕೊಟ್ಟೆ. ಕುಸಿದಳು. ಬೆನ್ನಿಗೆ ಇನ್ನೊಂದು. ಮೂರನೆಯದಕ್ಕೆ ಎತ್ತಿದ ಲಾಠಿಯನ್ನು ಎರಡು ಕೈಯಿಂದ ಹಿಡಿದುಬಿಟ್ಟಳು!

ಸಣಕಲು ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಲಾಠಿ ಕಿತ್ತುಕೊಂಡು ಬೀಸಿದಳು. ಅಡ್ಡ ಹಿಡಿದ ಕೈ ಲಟಕ್ ಅಂದದ್ದು ನನಗೇ ಕೇಳಿಸಿತು. ನೆಲಕ್ಕೆ ಬಿದ್ದೆ. ಎದೆಯ ಮೇಲೆ ಕೂತಳು. “ನನ್ನ ಕಾಗದ ಕೊಡು! ನನ್ನ ಕಾಗದ ಕೊಡೇ!” ಅಂತ ಒಂದೇ ಸಮ. ಅದೇ ಮಾತು, ನನ್ನ ತಲೆಯನ್ನು ನೆಲಕ್ಕೆ ಕುಟ್ಟುತ್ತ.

ನಾಲ್ಕು ಜನ ಬಂದು ಎಳೆದರು. ಆಮೇಲೆ ಅವಳಿಗೆ ಬಿದ್ದದ್ದನ್ನು ಬರೆಯುವುದು ಬೇಡ. ಬೂಟುಗಾಲಿನ ಸದ್ದು ಬಹಳ ಹೊತ್ತು ಇತ್ತು. ನಾನು ನೆಲದ ಮೇಲೆ ಕೂತುಕೊಂಡೇ ನೋಡಿದೆ. ಸುಳ್ಳು ಯಾಕೆ, ನೋಡಿ ಸಮಾಧಾನವಾಯಿತು.

ಅವಳಿಗೆ ಹನ್ನೆರಡು ದಿನ ಒಂಟಿ ಕೋಣೆ.

ಫೆಬ್ರವರಿ 25

ಪ್ಲಾಸ್ಟರ್ ಬಿಚ್ಚುವವರೆಗೆ ನನಗೆ ಹಗುರ ಕೆಲಸ. ಸೋಮವಾರದಿಂದ ಕಾಗದ ಪರಿಶೀಲಿಸುವ ಕೋಣೆ.

ದೊಡ್ಡಕ್ಕ ಮಾತಾಡಿಸಲು ಬಂದಳು. ಇವಳೂ ಕೈದಿಯೇ, ಆದರೆ ಅಡುಗೆಮನೆ ಅವಳ ಕೈಯಲ್ಲಿ, ಎರಡನೇ ವಾರ್ಡಂತೂ ಅವಳ ಮಾತಿನಂತೆ ನಡೆಯುತ್ತದೆ. ನಾವು ಹೊಡೆಯಲಾಗದ ಕಡೆ ಅವಳು ಹೊಡೆಯುತ್ತಾಳೆ. ಎಲ್ಲರಿಗೂ ಗೊತ್ತು.

“ಏನಮ್ಮಾ ಇದು, ಕೈ ಹಿಂಗೆ ಮಾಡ್ಬಿಟ್ಳಲ್ಲ ಆ ಮುಂಡೇದು. ನೋಡೋಕಾಗಲ್ಲ. ನಮಗೆ ಹೇಳ್ಬಾರದಾ?”

“ಏನು ಹೇಳೋದು.”

“ಹೊರಗೆ ಬರ್ಲಿ. ನಾವು ನೋಡ್ಕೋತೀವಿ. ನೀವು ಸಕ್ಕರೆ ಬಿಟ್ಟಿದ್ದೀರಂತಲ್ಲ... ನಮ್ಮ ವಾರ್ಡಲ್ಲಿ ಟೀಗೆ ಸಕ್ಕರೆ ಕಾಣ್ದೆ ಆರು ತಿಂಗಳಾಯ್ತಮ್ಮಾ.”

ಡ್ಯೂಟಿಯ ಟೀಗೆ ಅಂತ ಸ್ಟಾಫ್ ಕ್ಯಾಂಟೀನಿನಿಂದ ತಿಂಗಳಿಗೊಂದು ಸಕ್ಕರೆ ಪೊಟ್ಟಣ ಸಿಗುತ್ತದೆ, ಮನೆಗೆ ಒಯ್ಯುವಂತಿಲ್ಲ. ಬಿಟ್ಟ ಮೇಲೆ ನನ್ನ ಲಾಕರಿನಲ್ಲಿ ನಾಲ್ಕು ಕೂತಿದ್ದವು. ನಾಲ್ಕನ್ನೂ ಕೊಟ್ಟೆ.

“ಕೈ ಮುರೀರಿ. ನನಗೆ ಮುರಿದ ಹಾಗೇ. ಜೀವಕ್ಕೆ ಏನೂ ಆಗ್ಬಾರ್ದು.”

“ಅಯ್ಯೋ, ನಮಗೆ ಗೊತ್ತಿಲ್ವಾ?” ಅಂದಳು.

ಕೊಟ್ಟು ಬಂದ ಮೇಲೆ ಊಟ ಚೆನ್ನಾಗಿ ಸೇರಿತು. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 3

ಕಾಗದದ ಕೋಣೆ. ಒಂದು ಮೇಜು, ಒಂದು ಕಪ್ಪು ಮಾರ್ಕರ್, ಒಂದು ಬುಟ್ಟಿ, ಒಬ್ಬ ಗುಮಾಸ್ತೆ. ಅವಳಿಗೆ ಕನ್ನಡಕ ಎರಡು — ಒಂದು ಓದಲು, ಇನ್ನೊಂದು ಮೊದಲನೆಯದನ್ನು ಹುಡುಕಲು.

ಕೆಲಸ ಸುಲಭ. ಜೈಲಿನ ಒಳಗಿನ ಮಾತಿದ್ದರೆ ಕಪ್ಪು ಬಳಿ. ಯಾರನ್ನಾದರೂ ಬೈದಿದ್ದರೆ ಬಳಿ. ಅರ್ಥವಾಗದಿದ್ದರೆ ಬಳಿ. ಚಿತ್ರ ಬರೆದಿದ್ದರೆ ಹರಿದು ಹಾಕು. ಯಾರೋ ಒಬ್ಬಳ ತಮ್ಮ ಹೂಕುಂಡದ ಚಿತ್ರ ಅಂತ ಗೋಡೆಯ ನಕ್ಷೆ ಕಳಿಸಿದ್ದನಂತೆ, ಅವತ್ತಿನಿಂದ ಈ ನಿಯಮ.

ಇವತ್ತು ಹನ್ನೊಂದು ಚಿತ್ರ ಹರಿದೆ. ಮನೆ, ಮರ, ಮೀಸೆ ಇರುವ ಒಬ್ಬ ಗಂಡಸು. ಮಕ್ಕಳು ಎಲ್ಲೆಲ್ಲೂ ಅದೇ ಬರೆಯುತ್ತವೆ. ಬೊಚ್ಚಿಗೆ ಇದ್ದಷ್ಟು ತಲೆ ಇವಕ್ಕಿಲ್ಲ ಅಂದುಕೊಂಡೆ.

ಮಾರ್ಚ್ 6

ಆಗಿದ್ದನ್ನು ಆದಹಾಗೆ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ಬೇರೆ ಥರ ಹೇಳಲು ಶುರುಮಾಡುತ್ತೇನೆ.

ಹನ್ನೊಂದು ಗಂಟೆ ಹೊತ್ತಿಗೆ ಒಂದು ಕವರ್ ಒಡೆದೆ. ಒಳಗೆ ಎರಡು ಕಾಗದ. ಹರಿಯಲೆಂದು ಮೊದಲು ಚಿತ್ರವನ್ನೇ ಕೈಗೆ ತೆಗೆದುಕೊಂಡೆ.

ಒಂದು ಕೋಳಿ. ಕಾಲಿಗೆ ಕೆಂಪು ಬೂಟು.

ನಾನು ನಕ್ಕೆ. ದೇವರಾಣೆ, ಮೊದಲು ನಗು ಬಂತು. ನನ್ನ ಕಾಗದ ಇಲ್ಲಿಗೇಕೆ ಬಂತು ಅಂದುಕೊಂಡೆ. ಆಮೇಲೆ ಕವರ್ ತಿರುಗಿಸಿದೆ. ಕೈದಿಯ ನಂಬರ್ ಇತ್ತು. ಕಚ್ಚೋಳ ನಂಬರ್.

“ಅಮ್ಮಾ, ನನಗೆ ಎರಡು ಹಲ್ಲು ಬಂತು. ಇನ್ನೆರಡು ಬರುತ್ತೆ ಅಂತ ಮಿಸ್ ಹೇಳಿದರು. ಹೋದ ಸಲದ ಚಿತ್ರ ಸಿಕ್ಕಿತಾ? ಆಂಟಿ ಕೊಡಿಸಿದ ಬೂಟು ಇನ್ನೂ ಹೊಸದೇ ಇದೆ. ಆಂಟಿ ನನಗೋಸ್ಕರ ಟೀಗೆ ಸಕ್ಕರೆ ಹಾಕಿಕೊಳ್ಳೋದಿಲ್ಲವಂತೆ. ನೀನು ಬಂದಮೇಲೆ ಇಬ್ಬರೂ ಬಸ್ಸಲ್ಲಿ ಹೋಗಿ ಆಂಟಿನ ನೋಡಿಕೊಂಡು ಬರೋಣ. ನೀನು ಯಾರ ಜೊತೆಗೂ ಜಗಳ ಆಡಬೇಡ.”

ಗುಮಾಸ್ತೆಯನ್ನು ಕೇಳಿದೆ, ಒಂಟಿ ಕೋಣೆಯವಳು ಯಾವತ್ತು ಹೊರಗೆ? ಪಟ್ಟಿ ನೋಡಿ, “ಇವತ್ತೇ. ಬೆಳಿಗ್ಗೆ ಬಿಟ್ಟಾಯ್ತು. ಅಡುಗೆಮನೆ ಕೆಲಸಕ್ಕೆ ಹಾಕವ್ರೆ” ಅಂದಳು.

ಓಡಿದೆ. ಪ್ಲಾಸ್ಟರ್ ಕೈ ಎದೆಗೆ ಒತ್ತಿಕೊಂಡು ಓಡಿದೆ. ಮೂರು ಗೇಟು. ಪ್ರತಿ ಗೇಟಿನಲ್ಲೂ ಕೀಲಿಯವಳು, ಏನಕ್ಕ ಏನಾಯ್ತು ಅಂತ ಸಾವಕಾಶವಾಗಿ ಕೇಳುತ್ತ ಬೀಗ ತೆಗೆಯುವುದು. ಮೂರನೇ ಗೇಟಿನಲ್ಲಿ ನಿಂತಿದ್ದಾಗ ಕೂಗು ಕೇಳಿಸಿತು. ಜೈಲಿನಲ್ಲಿ ಬೇಕಾದಷ್ಟು ಕೂಗು ಕೇಳಿದ್ದೇನೆ. ಇದು ಹಾಗಿರಲಿಲ್ಲ.

ಅಡುಗೆಮನೆಯ ನೆಲದ ಮೇಲೆ ಇಬ್ಬರು ಅವಳ ಕಾಲ ಮೇಲೆ ಕೂತಿದ್ದರು. ಬಲಗೈ ಮೊಣಕೈಯಿಂದ ಆಚೆ ತಿರುಗಿತ್ತು. ಅಷ್ಟಕ್ಕೆ ಬಿಟ್ಟಿರಲಿಲ್ಲ. ದೊಡ್ಡಕ್ಕನ ಕೈಯಲ್ಲಿ ಖಾಲಿ ಪಾತ್ರೆ, ಆವಿ ಏಳುತ್ತಿತ್ತು. ನೀರಿಗೆ ಸಕ್ಕರೆ ಹಾಕಿ ಕುದಿಸಿದ್ದರು. ಬರೀ ನೀರಾದರೆ ಹರಿದುಹೋಗುತ್ತದೆ. ಸಕ್ಕರೆ ಪಾಕ ಅಂಟಿಕೊಂಡು ಕೂರುತ್ತದೆ, ಒರೆಸಲು ಹೋದರೆ ಚರ್ಮವೂ ಜೊತೆಗೆ ಬರುತ್ತದೆ. ಕಣ್ಣು, ಕೆನ್ನೆ, ಕುತ್ತಿಗೆ. ಅವಳು ಎಡಗೈಯಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದಳು.

ನಾನು ಅವಳ ಆ ಕೈ ಹಿಡಿದುಕೊಂಡೆ. ಹಿಡಿದುಕೊಂಡು ನೀರು ತನ್ನಿ, ತಣ್ಣೀರು ತನ್ನಿರೇ ಅಂತ ಅರಚಿದೆ. ಯಾರೂ ಅಲ್ಲಾಡಲಿಲ್ಲ.

ದೊಡ್ಡಕ್ಕ ಮೆತ್ತಗೆ ಅಂದಳು, “ನೀವೇ ಕೊಟ್ಟಿದ್ದಲ್ವೇನಮ್ಮಾ.”

ಪಾತ್ರೆ ಅವಳ ಕೈಯಿಂದ ಕಿತ್ತುಕೊಂಡು ಅವಳ ಮುಖಕ್ಕೇ ಹೊಡೆದೆ. ಮೂಗು ಒಡೆಯಿತು. ಬಿದ್ದಮೇಲೂ ಹೊಡೆದೆ. ಯಾರೋ ಎಳೆದರು. ಅದರಿಂದ ಏನಾದರೂ ಆಯಿತೇ? ಏನೂ ಆಗಲಿಲ್ಲ.

ಮಾರ್ಚ್ 9

ಬದುಕಿದ್ದಾಳೆ. ಬಲಗಣ್ಣು ಹೋಯಿತು. ಎಡಗಣ್ಣಿನ ವಿಷಯ ಡಾಕ್ಟರ್ ಹೇಳುತ್ತಿಲ್ಲ.

ಸಂಸ್ಥೆಯ ಹೆಂಗಸಿಗೆ ಫೋನ್ ಮಾಡಿದೆ. ಏನೂ ಹೇಳಲಿಲ್ಲ, ಬೊಚ್ಚಿಯ ತಾಯಿ ಎಲ್ಲಿ ಅಂತಷ್ಟೇ ಕೇಳಿದೆ. “ನಮ್ಮ ಮಕ್ಕಳೆಲ್ಲ ಹಾಗೇ ಮೇಡಂ. ಅಪ್ಪನೋ ಅಮ್ಮನೋ ಒಳಗಿರೋರು. ಹೇಳಿದ್ರೆ ಯಾರೂ ಫಾರಂ ತುಂಬಲ್ಲ. ನಿಮ್ಮಂಥ ಕಡೆ ಅಂತೂ ಕೇಳೋದೇ ಬೇಡ. ನೀವು ಬೇಜಾರು ಮಾಡ್ಕೊಂಡು ನಿಲ್ಲಿಸ್ಬೇಡಿ” ಅಂದಳು.

ಮಧ್ಯಾಹ್ನ ಸೂಪರಿಂಟೆಂಡೆಂಟ್ ಮೇಡಂ ಕರೆಸಿದರು. ಮೇಜಿನ ಮೇಲೆ ವರದಿ ಟೈಪ್ ಆಗಿತ್ತು. ಕೈದಿ ಅಡುಗೆಮನೆಯಲ್ಲಿ ಜಾರಿ ಬಿದ್ದಳು, ಪಾತ್ರೆ ಮೈಮೇಲೆ ಉರುಳಿತು. ಒಂಬತ್ತು ಸಹಿ ಬಿದ್ದಿದೆ. ಹತ್ತನೆಯದು ನನ್ನದು.

“ಹದಿನಾರಕ್ಕೆ ವಿಚಾರಣೆಗೆ ಅಧಿಕಾರಿ ಬರ್ತಾರೆ. ಸಕ್ಕರೆ ಎಲ್ಲಿಂದ ಬಂತು ಅಂತ ನಾನು ಕೇಳಲ್ಲ. ನೀನೂ ಹೇಳೋಕೆ ಹೋಗ್ಬೇಡ. ಇನ್ನು ನಾಲ್ಕು ವರ್ಷ ಸರ್ವಿಸ್ ಇದೆ ನಿಂಗೆ. ದೊಡ್ಡಕ್ಕನೂ ಬಾಯಿ ಬಿಡಲ್ಲ. ಬಿಟ್ರೆ ಒಬ್ಳೇ ಮುಳುಗಲ್ಲ ಅಂತ ಹೇಳಿ ಕಳಿಸಿದ್ದಾಳೆ.”

ಕೈನೋವು ಮೇಡಂ, ನಾಳೆ ಹಾಕುತ್ತೇನೆ ಅಂದೆ. ಮುರಿದಿರುವುದು ಎಡಗೈ ಅಂತ ಅವರಿಗೂ ಕಾಣುತ್ತಿತ್ತು.

“ಹಗುರ ಕೆಲಸ ತಾನೇ ನಿಂದು? ಆಸ್ಪತ್ರೆ ಕಾವಲಿಗೆ ಹೋಗು. ಅವಳು ಏನಾದ್ರೂ ಒದರಿದ್ರೆ ನಂಗೆ ಮೊದಲು ತಿಳಿಸು” ಅಂದರು.

ಮಾರ್ಚ್ 11

ಆಸ್ಪತ್ರೆ. ಮೂಲೆಯ ಮಂಚ, ಕಾಲಿಗೆ ಸರಪಳಿ. ಎಡಗಣ್ಣೂ ಹೋಯಿತಂತೆ, ಕಣ್ಣಿಲ್ಲದವಳು ಎಲ್ಲಿಗೆ ಓಡುತ್ತಾಳೆ? ನಿಯಮ. ಮುಖಕ್ಕೆಲ್ಲ ಬ್ಯಾಂಡೇಜ್, ಬಾಯಿ ಒಂದು ಬಿಟ್ಟಿದ್ದಾರೆ. ಡ್ರೆಸಿಂಗ್ ಬದಲಿಸುವಾಗ ಅವಳು ಕೂಗುವುದಿಲ್ಲ, ಮಂಚದ ಕಂಬಿ ಹಿಡಿದು ಗಲಗಲ ಅಲ್ಲಾಡಿಸುತ್ತಾಳೆ. ನಾನು ಹೊರಗೆ ಹೋಗಿ ನಿಂತೆ. ಒಳಗೆ ನಿಲ್ಲಬೇಕಿತ್ತು.

ಡಾಕ್ಟರ್ ಎಡ ಕಿವಿ ನೋಡಿದರು. “ಇದು ಈಗ ಆಗಿದ್ದಲ್ಲ. ಪರದೆ ಮೊದಲೇ ಹರಿದಿದೆ. ಯಾರೋ ಚೆನ್ನಾಗಿ ಬಾರಿಸಿದ್ದಾರೆ. ಒಂದು ತಿಂಗಳಾಗಿರ್ಬೇಕು. ಈ ಕಡೆಯಿಂದ ಕರೆದ್ರೆ ಇವಳಿಗೆ ಏನೂ ಕೇಳ್ಸಿರೋದಿಲ್ಲ.”

ಎಣಿಕೆಯಲ್ಲಿ ನಾನು ಕೂಗಿದ್ದು ಅವಳ ಬೆನ್ನ ಹಿಂದೆ, ಎಡಗಡೆಯಿಂದಲೇ. ದಿನಾ ಎಡಗಡೆಯಿಂದಲೇ.

ಥೂ ನನ್ನ ಜನ್ಮಕ್ಕೆ.

ಮಾರ್ಚ್ 12

ಮಗಳ ಕಾಗದವನ್ನು ತಂದೆ. ಬಲ ಕಿವಿಯ ಹತ್ತಿರ ಕೂತು, ದನಿ ಬದಲಿಸಿ, ನಿಮಗೆ ಕಾಗದ ಬಂದಿದೆ, ಓದಲೇ ಅಂದೆ.

“ದನಿ ಯಾಕೆ ಬದಲಾಯಿಸ್ತೀಯ? ನೀನೇ ಅಂತ ಗೊತ್ತು. ಬಾಗಿಲಲ್ಲಿ ಹೊಡೆದೋಳು.”

ಕಾಗದ ಬಿಡಿಸಿದೆ.

“ಓದು. ಒಂದು ಅಕ್ಷರ ಬಿಡದೆ ಓದು.”

ಓದಿದೆ. ಹಲ್ಲು ಬಂತು ಅನ್ನುವಲ್ಲಿ ಬಾಯಿ ಅಗಲ ಮಾಡಿದಳು, ನಕ್ಕಿದ್ದು ಅಂತ ಆಮೇಲೆ ತಿಳಿಯಿತು. ನಕ್ಕಿದ್ದಕ್ಕೆ ಕೆನ್ನೆಯ ಬ್ಯಾಂಡೇಜಿನಲ್ಲಿ ರಕ್ತ ಕಾಣಿಸಿಕೊಂಡಿತು.

“ಅವು ತಾನಾಗಿ ಬಿದ್ದಿದ್ದಲ್ಲ. ಅವಳಪ್ಪ ಉದುರಿಸಿದ್ದು. ಒಂದೇ ಏಟಿಗೆ ನಾಲ್ಕು. ಮಗು ಹಲ್ಲನ್ನ ಅಂಗೈಯಲ್ಲಿ ಇಟ್ಕೊಂಡು ನನಗೆ ತೋರ್ಸೋಕೆ ಬಂತು. ಒಲೆ ಹತ್ರ ಕಬ್ಬಿಣದ ಊದುಗೊಳವೆ ಇತ್ತು. ಅವನು ಎರಡನೇ ಸಲ ಕೈ ಎತ್ತೋಕೆ ನಾನು ಬಿಡ್ಲಿಲ್ಲ. ಎಷ್ಟು ಹೊಡೆದೆ ಅಂತ ಕೋರ್ಟಲ್ಲಿ ಕೇಳಿದ್ರು. ಲೆಕ್ಕ ಇಟ್ಟಿರ್ಲಿಲ್ಲ ಅಂದೆ.”

ಆ ಫೋಟೋದ ನಗು ನೋಡಿ ನಾನು ಸಹಿ ಹಾಕಿದ್ದೆ. ಬೊಚ್ಚಿ ಅಂತ ಮುದ್ದಿನ ಹೆಸರಿಟ್ಟಿದ್ದೆ.

ಮಾರ್ಚ್ 13, ಮಧ್ಯಾಹ್ನ 3

ಅವಳು ಕಾಗದ ಬರೆಸಬೇಕೆಂದಳು. ಮಗಳಿಗಲ್ಲ. ಆಂಟಿಗೆ.

“ನೀನು ಹೊರಗೆ ಹೋಗಿ ಎಲ್ಲಕ್ಕೂ ಕಪ್ಪು ಬಳೀತೀಯ ಅಂತ ಗೊತ್ತು. ಆದ್ರೂ ಬರಿ. ನನ್ನ ಬಾಯಿಂದ ಒಂದು ಸಲ ಆಚೆ ಬಂದ್ರೆ ಸಾಕು.”

ಬರೆದೆ. ಅವಳು ಹೇಳಿದ ಹಾಗೇ ಬರೆದೆ. ಇಲ್ಲೂ ಇಳಿಸುತ್ತೇನೆ.

“ಆಂಟಿಯವರೇ, ನೀವು ಯಾರೋ, ಎಲ್ಲಿದ್ದೀರೋ ಗೊತ್ತಿಲ್ಲ. ನನ್ನ ಮಗಳ ಕಾಲಿಗೆ ಬೂಟು ಹಾಕಿದ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ. ನನ್ನ ಕಣ್ಣು ಹೋಯಿತು, ಇನ್ನು ಬೂಟು ನೋಡೋಕೆ ಆಗಲ್ಲ, ಅದನ್ನ ಅವಳಿಗೆ ಈಗಲೇ ಹೇಳಬೇಡಿ. ನಾನು ಜಾರಿ ಬಿದ್ದೆ ಅಂತ ಇವರು ಹೇಳ್ತಾರೆ. ನಾನು ಬೀಳಲಿಲ್ಲ. ನನ್ನನ್ನ ನೆಲಕ್ಕೆ ಕೆಡವಿ ಹಿಡ್ಕೊಂಡು ಹೊಯ್ದರು. ಮಾಡಿಸಿದ್ದು ಈ ಕಾಗದ ಬರೀತಿರೋ ವಾರ್ಡರ್. ನನ್ನ ಮಾತು ಯಾರೂ ಕೇಳಲ್ಲ. ನೀವು ದೊಡ್ಡ ಮನಸ್ಸಿನವರು, ನಿಮ್ಮ ಮಾತು ಕೇಳ್ತಾರೆ. ಯಾರಿಗಾದ್ರೂ ಒಬ್ಬರಿಗೆ ಹೇಳಿ. ನನಗೋಸ್ಕರ ಅಲ್ಲ. ಅಮ್ಮ ಜಗಳ ಮಾಡಿ ಹೀಗೆ ಮಾಡ್ಕೊಂಡ್ಳು ಅಂತ ನನ್ನ ಮಗಳು ತಿಳ್ಕೋಬಾರದು.”

“ಬರೆದ್ಯಾ?” ಅಂದಳು.

“ಬರೆದೆ.”

“ಮಾಡಿಸಿದ್ದು ಅನ್ನೋದನ್ನೂ?”

“ಅದನ್ನೂ.”

“ನಿನಗೆ ನಾನೇನು ಮಾಡಿದ್ದೆ? ಒಂದು ಕಾಗದ ಕೇಳಿದ್ದೆ.”

ನಾಲಿಗೆಯ ತುದಿಗೆ ಬಂದಿತ್ತು. ಆ ಆಂಟಿ ನಾನೇ ಕಣೇ ಅಂತ. ನುಂಗಿಕೊಂಡೆ. ನನ್ನ ಹೆದರಿಕೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವಳಿಗೆ ಈ ಲೋಕದಲ್ಲಿ ಉಳಿದಿರುವ ಒಳ್ಳೆಯವಳು ಆ ಆಂಟಿ ಒಬ್ಬಳೇ. ಕಿವಿ ಕಿತ್ತುಕೊಂಡೆ, ಕೈ, ಕಣ್ಣು. ಅದನ್ನೂ ಕಿತ್ತುಕೊಳ್ಳಬೇಕೇ? ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಒಬ್ಬ ನರ್ಸ್ ಬಂದು, ನಿಮ್ಮ ಸಂಬಂಧಿಕರಾ ಅಂತ ಕೇಳಿದಳು. ಹೌದು ಅಂದುಬಿಟ್ಟೆ.

ಮಾರ್ಚ್ 15

ತಂಗಿಯನ್ನು ಸಂಸ್ಥೆಗೆ ಕರೆದುಕೊಂಡು ಹೋದೆ. ಬೊಚ್ಚಿಯ ಫಾರಂ ಅವಳ ಹೆಸರಿಗೆ ಮಾಡಿಸಬೇಕು ಅಂದೆ.

“ಯಾಕೆ, ನೀನೆಲ್ಲಿಗೆ ಹೋಗ್ತಿದ್ದೀಯ?”

“ಒಳಗೆ.”

“ದಿನಾ ಹೋಗೋದೇ ಒಳಗಲ್ವಾ.”

“ಈ ಸಲ ಸಂಜೆ ವಾಪಸ್ ಬರಲ್ಲ.”

ದಾರಿ ಬದಿಯ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಏನೂ ಮುಚ್ಚಿಡಲಿಲ್ಲ. ಕೇಳಿ ಮುಗಿಸಿ ಕೆನ್ನೆಗೆ ಬಾರಿಸಿದಳು. ನನಗಿಂತ ಆರು ವರ್ಷ ಚಿಕ್ಕವಳು, ಒಂದು ದಿನ ನನ್ನ ಮೇಲೆ ಕೈ ಎತ್ತಿದವಳಲ್ಲ. ಇನ್ನೊಂದು ಬಾರಿಸಿದಳು. ಜನ ನಿಂತು ನೋಡಿದರು. ಆಮೇಲೆ ನನ್ನ ತಲೆ ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

“ಆ ಮಗೂನ ನಿನಗೋಸ್ಕರ ನೋಡ್ಕೋತೀನಿ ಅಂತ ತಿಳ್ಕೋಬೇಡ,” ಅಂದಳು. “ಆ ತಾಯಿಗೋಸ್ಕರ.”

ಸಂಸ್ಥೆಗೆ ಬಂದು ಸಹಿ ಹಾಕಿದಳು.

ಮಾರ್ಚ್ 16, ಬೆಳಿಗ್ಗೆ 9.50

ವಿಚಾರಣೆ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತಿದ್ದೇನೆ. ಮೇಡಂ ಎರಡು ಸಲ ಹಾದುಹೋದರು. ಎರಡನೇ ಸಲ ನಿಂತು, “ಹತ್ತನೇ ಸಹಿ ಅಷ್ಟೇ. ಒಂದು ನಿಮಿಷದ ಕೆಲಸ” ಅಂದರು. ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ಅವರಿಗೂ ಗೊತ್ತಾಗಿರಲಿಕ್ಕಿಲ್ಲ. ಅವಳು ಬರೆಸಿದ ಕಾಗದ ಜೇಬಿನಲ್ಲಿದೆ. ಒಂದು ಸಾಲಿಗೂ ಕಪ್ಪು ಬಳಿದಿಲ್ಲ.

ಹೇಳಿಕೆ ಸ್ವಂತ ಕೈಯಲ್ಲಿ ಬರೆದುಕೊಡಬೇಕಂತೆ. ಇಲ್ಲಿ ಒಂದು ಸಲ ಬರೆದು ನೋಡುತ್ತೇನೆ, ಒಳಗೆ ಹೋದಾಗ ಕೈ ತಡವರಿಸಬಾರದು.

ಕೈದಿ ಜಾರಿ ಬೀಳಲಿಲ್ಲ. ಅವಳ ಮೇಲೆ ಹಲ್ಲೆ ಮಾಡಿಸಿದವಳು ನಾನು. ಅದಕ್ಕೆ ಮೊದಲು ಗೇಟಿನಲ್ಲಿ ಅವಳ ಕಿವಿಯ ಪರದೆ ಹರಿದವಳೂ ನಾನೇ. ಯಾರ ಒತ್ತಾಯವೂ ಇರಲಿಲ್ಲ. ಅವಳಿಗೆ ಏಳು ವರ್ಷದ ಒಬ್ಬ ಮಗಳಿದ್ದಾಳೆ. ಆ ಮಗುವಿಗೆ ನಾನು — ಒಳಗಿನಿಂದ ಕರೆದರು, ಹೋಗುತ್ತಿದ್ದೇನೆ.